ನೀರು ಬಿಸಿಯಾದಾಗ ತಣ್ಣೀರಿನ ಮೀನಿನ ಕಿವಿರನ್ನು ಕಾಪಾಡುವುದು ಹೇಗೆ?

ಟ್ರೌಟ್, ಸಾಲ್ಮನ್, ಚಾರ್ ಇವೆಲ್ಲ ತಣ್ಣೀರಿನ ಮೀನುಗಳು. ನೀರು ಬೆಚ್ಚಗಾಗಿ ಇವು ಸಾಯತೊಡಗಿದರೆ ಎಲ್ಲರೂ ಹೇಳುವುದು ಒಂದೇ ಮಾತು: ನೀರಿನಲ್ಲಿ ಆಕ್ಸಿಜನ್ ಕಡಿಮೆಯಾಯಿತು. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮುಗಿಯುವುದೂ ಇಲ್ಲ. ನೀರಿಗೆ ಗಾಳಿ ಬೆರೆಸುವ ಏರೇಟರ್ ಜೋರಾಗಿ ಓಡುತ್ತಿದೆ, ಆಕ್ಸಿಜನ್ ಮೀಟರ್ ಲೀಟರಿಗೆ 7 ಮಿಲಿಗ್ರಾಂ ತೋರಿಸುತ್ತಿದೆ, ಆದರೂ ಮೀನು ಸಾಯುತ್ತಿದೆ. ಇದಕ್ಕೇನು ಕಾರಣ? ಉತ್ತರ ಸಿಗುವುದು ಕಿವಿರಿನಲ್ಲಿ.

ಕಿವಿರು ಉಸಿರಾಡುವುದಕ್ಕೆ ಮಾತ್ರ ಇರುವುದಲ್ಲ. ಮೈಯೊಳಗಿನ ಉಪ್ಪಿನ ಲೆಕ್ಕ ನೋಡುವುದೂ ಅದೇ, ಅಮೋನಿಯಾ ಹೊರಗೆ ಹಾಕುವುದೂ ಅದೇ, ರಕ್ತದ ಹುಳಿ-ಕ್ಷಾರ ಸರಿದೂಗಿಸುವುದೂ ಬಹುಪಾಲು ಅದೇ. ಬಿಸಿ ಏರಿದಾಗ ಈ ಎಲ್ಲ ಕೆಲಸಗಳೂ ಒಟ್ಟಿಗೆ ಹೆಚ್ಚುತ್ತವೆ. ಒಂದಕ್ಕೆ ದಾರಿ ಮಾಡಿಕೊಟ್ಟರೆ ಇನ್ನೊಂದಕ್ಕೆ ಪೆಟ್ಟು ಬೀಳುತ್ತದೆ. ಹಾಗಾಗಿ ಇಲ್ಲಿ ಹೇಳುವ ಕ್ರಮ ಸ್ವಲ್ಪ ಬೇರೆ: ಮೊದಲು ಕಿವಿರಿನ ಮೇಲಿನ ಹೊರೆ ಇಳಿಸಿ, ಆಮೇಲೆ ಗಾಳಿ ಹೆಚ್ಚಿಸುವ ಮಾತು.

ಒಳಗೆ ಏನು ನಡೆಯುತ್ತದೆ

ಇದನ್ನು ಬಿಟ್ಟು ನೇರವಾಗಿ ಹೆಜ್ಜೆಗಳಿಗೆ ಹೋಗಬೇಡಿ. ಕಾರಣ ಗೊತ್ತಿದ್ದರೆ ಹೆಜ್ಜೆಗಳು ತಾವಾಗಿಯೇ ನೆನಪಿರುತ್ತವೆ.

ಕಿವಿರು ಮುಚ್ಚಳ ಎತ್ತಿದರೆ ಒಂದೊಂದು ಬದಿಗೆ ನಾಲ್ಕು ಕಮಾನುಗಳು ಕಾಣುತ್ತವೆ. ಪ್ರತಿ ಕಮಾನಿಗೂ ಎರಡು ಸಾಲು ಕೆಂಪು ಎಳೆಗಳು. ಒಂದೊಂದು ಎಳೆಯ ಎರಡೂ ಪಕ್ಕದಲ್ಲಿ ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಿವೆ, ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ. ಈ ಪದರಗಳ ಸಂದಿಯಲ್ಲಿ ನೀರು ಒಂದು ದಿಕ್ಕಿಗೆ ಹರಿದರೆ ಒಳಗಿನ ರಕ್ತ ಅದರ ಎದುರು ದಿಕ್ಕಿಗೆ ಹರಿಯುತ್ತದೆ. ಹೀಗೆ ಎದುರುಬದುರು ಹರಿಯುವುದರಿಂದಲೇ ಮೀನು ನೀರಿನಿಂದ ಅಷ್ಟು ಚೆನ್ನಾಗಿ ಆಕ್ಸಿಜನ್ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳಲೇಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಕ್ಸಿಜನ್ ಇದ್ದರೆ, 15 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಇರುವುದು ಸುಮಾರು 7 ಮಿಲಿಲೀಟರ್ ಮಾತ್ರ. ಮೇಲಾಗಿ ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಅದನ್ನು ಬಾಯಿಂದ ಕಿವಿರಿಗೆ ತಳ್ಳುವುದೇ ಮೀನಿಗೆ ದುಬಾರಿ ಕೆಲಸ.

ಈಗ ಬಿಸಿ ಸೇರಿಸಿ ನೋಡಿ. ಗಾಳಿಯ ಜೊತೆ ಚೆನ್ನಾಗಿ ಬೆರೆತ ಸಿಹಿನೀರು 10 ಡಿಗ್ರಿಯಲ್ಲಿ ಲೀಟರಿಗೆ 11.3 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಟ್ಟುಕೊಳ್ಳುತ್ತದೆ. 15 ಡಿಗ್ರಿಗೆ 10.1, 20 ಡಿಗ್ರಿಗೆ 9.1, 25 ಡಿಗ್ರಿಗೆ 8.3. ಇದು ಸಮುದ್ರಮಟ್ಟದ ಲೆಕ್ಕ. ಎತ್ತರದ ಜಾಗದಲ್ಲಿ ಪ್ರತಿ ಸಾವಿರ ಮೀಟರಿಗೆ ಇನ್ನೂ ಶೇಕಡಾ 10ರಷ್ಟು ಕಡಿಮೆಯಾಗುತ್ತದೆ. ಅಂದರೆ 10ರಿಂದ 20 ಡಿಗ್ರಿಗೆ ಏರುವಾಗ ಆಕ್ಸಿಜನ್ ಇಳಿಯುವುದು ಐದರಲ್ಲಿ ಒಂದು ಪಾಲು. ಆದರೆ ಅದೇ ಹೊತ್ತಿಗೆ ಮೀನಿಗೆ ಬೇಕಾದ ಆಕ್ಸಿಜನ್ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ. ನಿಜವಾದ ಕಷ್ಟ ಇರುವುದು ಈ ಎರಡನೆಯದರಲ್ಲಿ. ಜೊತೆಗೆ, ರಕ್ತ ಬಿಸಿಯಾದಂತೆ ಹಿಮೋಗ್ಲೋಬಿನ್ ಆಕ್ಸಿಜನನ್ನು ಹಿಡಿದುಕೊಳ್ಳುವ ಬಿಗಿಯೂ ಸಡಿಲವಾಗುತ್ತದೆ.

ಮೀನು ಏನು ಮಾಡುತ್ತದೆ? ಜಾಸ್ತಿ ನೀರು ತಳ್ಳುತ್ತದೆ, ಪದರಗಳಿಗೆ ಜಾಸ್ತಿ ರಕ್ತ ಬಿಡುತ್ತದೆ. ಆಕ್ಸಿಜನ್ ಮಟ್ಟಿಗೆ ಇದು ಸರಿ. ಆದರೆ ಆಕ್ಸಿಜನ್ ಒಳಗೆ ಬರುವ ಬಾಗಿಲಿನಿಂದಲೇ ಉಪ್ಪು ಹೊರಗೆ ಹೋಗುತ್ತದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಉಪ್ಪು ಎಷ್ಟೋ ಪಾಲು ಹೆಚ್ಚು. ಹಾಗಾಗಿ ಸೋಡಿಯಂ, ಕ್ಲೋರೈಡ್ ಸೋರುತ್ತವೆ, ನೀರು ಒಳನುಗ್ಗುತ್ತದೆ. ಸಮುದ್ರದ ಮೀನಿಗೆ ಇದರ ಉಲ್ಟಾ. ಸೋರಿದ ಉಪ್ಪನ್ನು ವಾಪಸ್ ಎಳೆಯಲು ಕಿವಿರಿನಲ್ಲಿ ಬೇರೆಯೇ ಕೋಶಗಳಿವೆ. ಅವು ಕೆಲಸ ಮಾಡುವುದಕ್ಕೂ ಆಕ್ಸಿಜನ್ ಬೇಕು. ಆ ಕೋಶಗಳು ಹೆಚ್ಚಾಗಿ ಬೆಳೆದು ಪದರಗಳ ಮೇಲೆ ಹರಡಿದರೆ ಗೋಡೆ ದಪ್ಪವಾಗುತ್ತದೆ, ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ.

ಇದು ಮುಂದುವರಿದರೆ ಕಿವಿರಿನ ರೂಪವೇ ಕೆಡುತ್ತದೆ. ಪದರದ ಹೊರಚರ್ಮ ಗುಳ್ಳೆಯೆದ್ದು ಕೆಳಗೆ ದ್ರವ ತುಂಬುತ್ತದೆ. ಲೋಳೆ ಗಟ್ಟಿಯಾಗುತ್ತದೆ. ಪಕ್ಕಪಕ್ಕದ ಪದರಗಳು ಅಂಟಿಕೊಂಡು ನಡುವೆ ನೀರು ಹೋಗುವ ಸಂದಿಯೇ ಮುಚ್ಚಿಹೋಗುತ್ತದೆ. ಮೀಟರ್ 7 ತೋರಿಸುತ್ತಿದ್ದರೂ ಮೀನು ಸಾಯುವುದು ಇಂಥ ಹೊತ್ತಿನಲ್ಲಿ. ಆಕ್ಸಿಜನ್ ನೀರಿನಲ್ಲಿದೆ, ರಕ್ತಕ್ಕೆ ದಾಟುತ್ತಿಲ್ಲ.

ಇಲ್ಲೊಂದು ಸ್ವಾರಸ್ಯದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗೋಲ್ಡ್‌ಫಿಶ್ ಮತ್ತು ಅದರ ಹತ್ತಿರದ ಸಂಬಂಧಿ ಕ್ರೂಸಿಯನ್ ಕಾರ್ಪ್ ತಮ್ಮ ಕಿವಿರನ್ನು ಹೊಸದಾಗಿ ಕಟ್ಟಿಕೊಳ್ಳಬಲ್ಲವು. ತಣ್ಣಗಿರುವಾಗ ಪದರಗಳ ಸಂದಿಯನ್ನು ಕೋಶಗಳಿಂದ ತುಂಬಿಸಿ ಉಪ್ಪು ಸೋರದಂತೆ ನೋಡಿಕೊಳ್ಳುತ್ತವೆ. ನೀರು ಬೆಚ್ಚಗಾದರೆ ಅಥವಾ ಆಕ್ಸಿಜನ್ ಇಳಿದರೆ ಆ ಕೋಶಗಳನ್ನು ಕಳೆದುಕೊಂಡು ಪದರಗಳನ್ನು ಬಿಚ್ಚಿಕೊಳ್ಳುತ್ತವೆ. ಕ್ರೂಸಿಯನ್ ಕಾರ್ಪ್‌ನಲ್ಲಿ ಇದು ಬೆಳಕಿಗೆ ಬಂದಿದ್ದು 2003ರಲ್ಲಿ. ಟ್ರೌಟ್ ಕಿವಿರಿನಲ್ಲಿ ಅಷ್ಟು ದೊಡ್ಡ ಬದಲಾವಣೆಗೆ ಅವಕಾಶ ಇಲ್ಲ. ಗೋಲ್ಡ್‌ಫಿಶ್ ಸಾಕಿ ಪಳಗಿದವರು ಟ್ರೌಟ್ ಕೂಡ ಹಾಗೇ ತಡೆದುಕೊಳ್ಳುತ್ತದೆ ಅಂದುಕೊಂಡರೆ ಮೋಸ ಹೋಗುತ್ತಾರೆ.

ಹೆಜ್ಜೆ 1: ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಅಳೆಯಿರಿ

ದಿನಕ್ಕೆ ಒಂದು ಸಲ ಬೆಳಿಗ್ಗೆ ಹತ್ತಕ್ಕೆ ಅಳೆದು ಬರೆದಿಟ್ಟರೆ ಉಪಯೋಗವಿಲ್ಲ. ನೀರು ಹೆಚ್ಚು ಬಿಸಿ ಇರುವುದು ಮಧ್ಯಾಹ್ನ ಕಳೆದು ಸಂಜೆಯಾಗುವ ಹೊತ್ತಿಗೆ. ಪಾಚಿ ಇರುವ ಕೊಳದಲ್ಲಿ ಆಕ್ಸಿಜನ್ ತೀರಾ ಕಡಿಮೆ ಇರುವುದು ಬೆಳಗಿನ ಜಾವ, ಸೂರ್ಯ ಮೂಡುವ ಸ್ವಲ್ಪ ಮೊದಲು. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತಿರುತ್ತದೆ ಅಲ್ವಾ? ಹಾಗಾಗಿ ಈ ಎರಡೂ ಹೊತ್ತಿನಲ್ಲಿ ಅಳೆಯಿರಿ. ನೀರು ಒಳಗೆ ಬರುವ ಕಡೆ ಒಂದು ಸಲ, ಹೊರಗೆ ಹೋಗುವ ಕಡೆ ಇನ್ನೊಂದು ಸಲ. ಮೀನಿಗೆ ಸಿಗುತ್ತಿರುವ ನೀರು ಎಂಥದ್ದು ಎಂದು ಹೇಳುವುದು ಹೊರಗೆ ಹೋಗುವ ಕಡೆಯ ಲೆಕ್ಕ.

ರೇನ್‌ಬೋ ಟ್ರೌಟ್‌ಗೆ 12ರಿಂದ 16 ಡಿಗ್ರಿ ಹಿತ. 18 ದಾಟಿದರೆ ಎಚ್ಚರ ಇರಲಿ. 20ಕ್ಕೆ ಬಂದರೆ ಕೆಳಗೆ ಹೇಳುವ ಕ್ರಮಗಳೆಲ್ಲ ಶುರುವಾಗಬೇಕು. 25ರ ಆಸುಪಾಸು ಹೆಚ್ಚು ಹೊತ್ತು ನಿಂತರೆ ಸಾವು. ಬ್ರೂಕ್ ಟ್ರೌಟ್, ಆರ್ಕ್ಟಿಕ್ ಚಾರ್‌ಗಳಿಗೆ ಈ ಗೆರೆಗಳನ್ನು ಸ್ವಲ್ಪ ಕೆಳಗೇ ಎಳೆದುಕೊಳ್ಳಿ. ಮೊಟ್ಟೆಗಳಿಗಂತೂ ಇನ್ನೂ ತಣ್ಣಗಿನ ನೀರೇ ಬೇಕು. ಪ್ರಯೋಗಾಲಯದಲ್ಲಿ ಟ್ರೌಟ್ 28 ಡಿಗ್ರಿ ತನಕ ತಡೆದುಕೊಂಡಿತು ಎಂಬ ಮಾತು ಎಲ್ಲಾದರೂ ಕಣ್ಣಿಗೆ ಬಿದ್ದರೆ ಧೈರ್ಯ ತಂದುಕೊಳ್ಳಬೇಡಿ. ಅದು ನೀರನ್ನು ಬೇಗಬೇಗ ಬಿಸಿಮಾಡಿ, ಮೀನು ಮಗುಚಿ ಬೀಳುವ ಕ್ಷಣವನ್ನು ಗುರುತು ಹಾಕುವ ಪರೀಕ್ಷೆ. ಅಲ್ಲಿ ಬದುಕುವ ಮಾತಿಲ್ಲ.

ಡಿಗ್ರಿಯಷ್ಟೇ ಮುಖ್ಯವಾದದ್ದು ಏರಿದ ವೇಗ. ಎರಡು ವಾರದಲ್ಲಿ ನಿಧಾನವಾಗಿ 19ಕ್ಕೆ ಬಂದ ನೀರಿಗೆ ಮೀನು ತಕ್ಕಮಟ್ಟಿಗೆ ಒಗ್ಗಿಕೊಳ್ಳುತ್ತದೆ. ಒಂದೇ ಮಧ್ಯಾಹ್ನದಲ್ಲಿ 13ರಿಂದ 19ಕ್ಕೆ ಹಾರಿದರೆ ಅದೇ 19 ಪೆಟ್ಟು ಕೊಡುತ್ತದೆ.

ಹೆಜ್ಜೆ 2: ಕಿವಿರು ಮುಚ್ಚಳದ ಬಡಿತ ಎಣಿಸಿ

ಇದಕ್ಕೆ ಗಡಿಯಾರ ಒಂದಿದ್ದರೆ ಸಾಕು. ಸುಮ್ನೆ ನಿಂತಿರುವ ಒಂದು ಮೀನನ್ನು ಗುರುತು ಮಾಡಿಕೊಳ್ಳಿ. ಮುಚ್ಚಳ ತೆರೆದು ಮುಚ್ಚುವುದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಐದಾರು ಮೀನಿಗೆ ಹೀಗೆ ಮಾಡಿ. ನೀರು ತಣ್ಣಗಿರುವ ದಿನಗಳಲ್ಲೇ ನಿಮ್ಮ ಮೀನಿನ ಸಹಜ ಲೆಕ್ಕ ಬರೆದಿಟ್ಟುಕೊಂಡಿರಬೇಕು. ಬೇರೆಯವರ ತೊಟ್ಟಿಯ ಲೆಕ್ಕ ನಿಮಗೆ ಆಗಿಬರುವುದಿಲ್ಲ, ಏಕೆಂದರೆ ಮೀನಿನ ಗಾತ್ರ, ಜಾತಿ, ನೀರಿನ ಗುಣ ಎಲ್ಲವೂ ಬಡಿತವನ್ನು ಬದಲಿಸುತ್ತವೆ.

ಬಡಿತ ಹೆಚ್ಚುವುದು ಮೊದಲ ಸುಳಿವು. ಅದರ ಜೊತೆಗೆ ಆಳವನ್ನೂ ನೋಡಿ. ಮುಚ್ಚಳ ಪೂರ್ತಿ ಅಗಲಕ್ಕೆ ತೆರೆದು, ಒಳಗಿನ ಕೆಂಪು ಹೊರಗಿನಿಂದಲೇ ಕಾಣುವಂತಿದ್ದರೆ ಮೀನು ಪ್ರತಿ ಉಸಿರಿಗೂ ಕಷ್ಟಪಡುತ್ತಿದೆ. ನಡುನಡುವೆ ತಟ್ಟನೆ ಮೈ ಕೊಡವಿದಂತೆ ಮಾಡಿ ಬಾಯಿ, ಮುಚ್ಚಳ ಎರಡನ್ನೂ ಜೋರಾಗಿ ಅಗಲಿಸುತ್ತದೆಯೇ? ಅದು ಮೀನಿನ ಕೆಮ್ಮು. ನೀರನ್ನು ಹಿಂದಕ್ಕೆ ತಳ್ಳಿ ಕಿವಿರಿಗೆ ಅಂಟಿದ ಲೋಳೆಯನ್ನೋ ಕಸವನ್ನೋ ಹೊರಗೆ ಹಾಕುತ್ತಿದೆ. ಆಗೊಮ್ಮೆ ಈಗೊಮ್ಮೆ ಕೆಮ್ಮಿದರೆ ತೊಂದರೆಯಿಲ್ಲ. ಪದೇ ಪದೇ ಕೆಮ್ಮಿದರೆ ಕಿವಿರಿಗೆ ಏನೋ ಆಗಿದೆ ಎಂದೇ ಅರ್ಥ.

ಮೀನುಗಳೆಲ್ಲ ನೀರು ಒಳಬರುವ ಕಡೆ ಒತ್ತೊತ್ತಾಗಿ ಸೇರುವುದು ಇದರ ಮುಂದಿನ ಹಂತ. ಮೇಲೆ ಬಂದು ಬಾಯಿ ತೆರೆಯುವುದು ಕೊನೆಯ ಹಂತ. ಅಲ್ಲಿಯ ತನಕ ಕಾದರೆ ತಡವಾಗಿರುತ್ತದೆ.

ಹೆಜ್ಜೆ 3: ಮೇವು ನಿಲ್ಲಿಸಿ

ಬಹಳ ಜನರಿಗೆ ಇದು ಮನಸ್ಸಿಗೆ ಒಪ್ಪದ ಹೆಜ್ಜೆ. ಮೀನು ಬಳಲಿದೆ, ಹೊಟ್ಟೆಗೆ ಕೊಟ್ಟರೆ ಶಕ್ತಿ ಬರುತ್ತದೆ ಎಂದು ಅನಿಸುತ್ತದೆ. ಆದರೆ ತಿಂದದ್ದನ್ನು ಅರಗಿಸಿಕೊಳ್ಳಲು ಆಕ್ಸಿಜನ್ ಬೇಕು. ತಿಂದ ಮೇಲೆ ಎಷ್ಟೋ ಗಂಟೆಗಳ ಕಾಲ ಮೀನಿನ ಆಕ್ಸಿಜನ್ ಬಳಕೆ ಏರಿಯೇ ಇರುತ್ತದೆ. ಮೇವಿನ ಪ್ರೋಟೀನ್ ಒಡೆದು ಬರುವ ಅಮೋನಿಯಾ ಕೂಡ ಕಿವಿರಿನಿಂದಲೇ ಹೊರಬೀಳಬೇಕು. ಮೇವು ನಿಲ್ಲಿಸಿದರೆ ಈ ಎರಡು ಹೊರೆಗಳೂ ಒಟ್ಟಿಗೆ ಇಳಿಯುತ್ತವೆ. ಒಂದು ಪೈಸೆ ಖರ್ಚಿಲ್ಲದೆ ಇಷ್ಟು ದೊಡ್ಡ ಪರಿಹಾರ ಇನ್ನೊಂದಿಲ್ಲ.

18 ಡಿಗ್ರಿ ದಾಟಿದರೆ ಮೇವನ್ನು ಅರ್ಧಕ್ಕೆ ಇಳಿಸಿ, ಬೆಳಗಿನ ತಂಪಿನಲ್ಲಿ ಮಾತ್ರ ಕೊಡಿ. ಕೊಡುವ ಮುಂಚೆ ಆಕ್ಸಿಜನ್ ನೋಡಿಕೊಳ್ಳಿ. 20 ದಾಟಿದರೆ ಪೂರ್ತಿ ನಿಲ್ಲಿಸಿ. ಮಧ್ಯಾಹ್ನ ಬಿಸಿ ಏರಲಿದೆ ಎಂಬ ಮುನ್ಸೂಚನೆ ಇದ್ದರೆ ಹಿಂದಿನ ದಿನದಿಂದಲೇ ನಿಲ್ಲಿಸುವುದು ಒಳ್ಳೆಯದು, ಹೊಟ್ಟೆ ಖಾಲಿಯಾಗಲು ಸಮಯ ಬೇಕು. ದೊಡ್ಡ ಮೀನು ಕೆಲವು ದಿನ ಮೇವಿಲ್ಲದೆ ಇದ್ದರೆ ಏನೂ ಆಗುವುದಿಲ್ಲ. ಚಿಕ್ಕ ಮರಿಗಳು ಅಷ್ಟು ದಿನ ತಡೆಯುವುದಿಲ್ಲ, ಅವುಗಳಿಗೆ ತಂಪು ಹೊತ್ತಿನಲ್ಲಿ ತುಸುತುಸು ಕೊಡಿ.

ಹೆಜ್ಜೆ 4: ಮೀನನ್ನು ಮುಟ್ಟಬೇಡಿ

ಬಲೆ ಎಳೆಯುವುದು, ಗಾತ್ರ ನೋಡಿ ಬೇರ್ಪಡಿಸುವುದು, ತೂಕ ಮಾಡುವುದು, ಬೇರೆ ತೊಟ್ಟಿಗೆ ಸಾಗಿಸುವುದು ಎಲ್ಲವನ್ನೂ ಮುಂದಕ್ಕೆ ಹಾಕಿ. ಮೀನನ್ನು ನೀರಿನಿಂದ ಎತ್ತಿದ ಕೂಡಲೇ ಆ ತೆಳು ಪದರಗಳು ಒಂದಕ್ಕೊಂದು ಅಂಟಿಕೊಂಡು ಕುಸಿಯುತ್ತವೆ. ತಂಪಿದ್ದಾಗ ಮೀನು ಇದರಿಂದ ಚೇತರಿಸಿಕೊಳ್ಳುತ್ತದೆ. 22 ಡಿಗ್ರಿಯಲ್ಲಿ ಒದ್ದಾಡಿ ಸುಸ್ತಾದ ಮೀನು ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ಗಾಳ ಹಾಕಿ ಹಿಡಿದು ವಾಪಸ್ ಬಿಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಮೆರಿಕದ ಮೊಂಟಾನಾದಲ್ಲಿ ಟ್ರೌಟ್ ನದಿಗಳು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯ ತನಕ ಗಾಳ ಹಾಕುವುದನ್ನು ನಿಲ್ಲಿಸುವ ಪದ್ಧತಿ ಇದೆ. ನನಗೆ ಕೇಳಿದರೆ, ನಿಯಮ ಇರಲಿ ಬಿಡಲಿ, 20 ದಾಟಿದ ಮೇಲೆ ಗಾಳ ಒಳಗಿಡುವುದೇ ಸರಿ.

ಔಷಧಿಗಳ ವಿಷಯದಲ್ಲೂ ತಡೆಯಿರಿ. ಕಿವಿರಿನಲ್ಲಿ ಪರಾವಲಂಬಿ ಕಂಡಿತೆಂದು ಬಿಸಿ ಮಧ್ಯಾಹ್ನದಲ್ಲಿ ಫಾರ್ಮಲಿನ್ ಹಾಕಿದರೆ ಅದು ಮೊದಲೇ ನೊಂದ ಪದರಗಳನ್ನು ಇನ್ನಷ್ಟು ಕೆರಳಿಸುತ್ತದೆ, ನೀರಿನ ಆಕ್ಸಿಜನನ್ನೂ ತಿನ್ನುತ್ತದೆ.

ಹೆಜ್ಜೆ 5: ಈಗ ಆಕ್ಸಿಜನ್

ಲೀಟರಿಗೆ 7 ಮಿಲಿಗ್ರಾಂಗಿಂತ ಕೆಳಗೆ ಬಿಡಬೇಡಿ. ಸಾಧ್ಯವಾದರೆ 8. ಇಲ್ಲಿ ಒಂದು ಮಿತಿ ನೆನಪಿರಲಿ: ಏರೇಟರ್ ಎಷ್ಟೇ ಜೋರಾಗಿ ಓಡಿದರೂ ಆ ಉಷ್ಣತೆಯಲ್ಲಿ ನೀರು ಹಿಡಿಯುವಷ್ಟು ಆಕ್ಸಿಜನ್ ಮಾತ್ರ ಸೇರಿಸಬಲ್ಲದು. 22 ಡಿಗ್ರಿಯಲ್ಲಿ ಅದು 8.7ರ ಹತ್ತಿರ. ಅದಕ್ಕಿಂತ ಮೇಲೆ ಬೇಕೆಂದರೆ ಸಿಲಿಂಡರಿನ ಶುದ್ಧ ಆಕ್ಸಿಜನ್ನೇ ಬೇಕು. ತುಂಬಾ ಮೀನು ಇರುವ ತೊಟ್ಟಿಗೆ ಒಂದು ಸಿಲಿಂಡರ್, ಸಣ್ಣ ಗುಳ್ಳೆ ಬಿಡುವ ಒಂದು ಡಿಫ್ಯೂಸರ್ ಬೇಸಿಗೆಗೆ ಮೊದಲೇ ತಂದಿಟ್ಟುಕೊಳ್ಳಿ.

ಏರೇಟರ್ ಮುಖ್ಯವಾಗಿ ಓಡಬೇಕಾದದ್ದು ರಾತ್ರಿ. ಗಾಳಿ ಒಣಗಿದ್ದರೆ ನೀರು ಚಿಮ್ಮಿಸುವುದರಿಂದ ಸ್ವಲ್ಪ ತಂಪೂ ಆಗುತ್ತದೆ. ಗಾಳಿ ಬಿಸಿಯಾಗಿ, ತೇವವಾಗಿ ಇದ್ದರೆ ಮಧ್ಯಾಹ್ನದ ಚಿಮ್ಮುವಿಕೆ ಆ ಬಿಸಿಯನ್ನೇ ನೀರಿಗೆ ಬೆರೆಸುತ್ತದೆ. ಒಂದು ಗಂಟೆ ಓಡಿಸಿ ಥರ್ಮಾಮೀಟರ್ ನೋಡಿದರೆ ನಿಮ್ಮಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಆದರೆ ಆಕ್ಸಿಜನ್ ಇಳಿಯುತ್ತಿದ್ದರೆ ಬಿಸಿಯ ಚಿಂತೆ ಬಿಟ್ಟು ಓಡಿಸಲೇಬೇಕು.

ಹೆಜ್ಜೆ 6: ನಿಧಾನವಾಗಿ ತಂಪು ಮಾಡಿ

ನೆರಳು ಮೊದಲು. ತೊಟ್ಟಿಯ ಮೇಲೆ, ನೀರು ಬರುವ ಪೈಪಿನ ಮೇಲೆ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಪೈಪನ್ನು ಮರೆಯುವವರೇ ಹೆಚ್ಚು. ಬಿಸಿಲಿಗೆ ಬಿದ್ದ ಕಪ್ಪು ಪೈಪು ಒಳ್ಳೆಯ ತಣ್ಣೀರನ್ನೂ ಕೆಡಿಸುತ್ತದೆ.

ಐಸ್ ಹಾಕುವವರು ಮೊದಲು ಲೆಕ್ಕ ಹಾಕಿ. 20 ಡಿಗ್ರಿ ದಾಟಿದ 100 ಲೀಟರ್ ನೀರಿಗೆ 1 ಕೆಜಿ ಐಸ್ ಹಾಕಿದರೆ ಸುಮಾರು 1 ಡಿಗ್ರಿ ಇಳಿಯುತ್ತದೆ. ಅಕ್ವೇರಿಯಂಗೆ ಇದು ಸರಿಹೋಗುತ್ತದೆ. 10,000 ಲೀಟರಿನ ತೊಟ್ಟಿಯಲ್ಲಿ 3 ಡಿಗ್ರಿ ಇಳಿಸಲು 300 ಕೆಜಿ ಬೇಕು, ಅದೂ ಹೊರಗಿನ ಬಿಸಿ ಮತ್ತೆ ಸೇರದಿದ್ದರೆ. ಐಸನ್ನು ನೇರವಾಗಿ ಸುರಿಯಬೇಡಿ. ಕ್ಲೋರಿನ್ ಇರುವ ನೀರಿನಿಂದ ಮಾಡಿದ ಐಸ್ ಕಿವಿರನ್ನೇ ಸುಡುತ್ತದೆ. ಮುಚ್ಚಿದ ಬಾಟಲಿಯಲ್ಲಿಟ್ಟು ತೇಲಿಸಿ. ಗಂಟೆಗೆ ಒಂದು ಡಿಗ್ರಿ, ಹೆಚ್ಚೆಂದರೆ ಎರಡು. ಅದಕ್ಕಿಂತ ಬೇಗ ಇಳಿಸಿದರೆ ಅದೂ ಒಂದು ಪೆಟ್ಟೇ.

ಬೋರ್‌ವೆಲ್ ನೀರು ತಣ್ಣಗಿದೆಯೆಂದು ನೇರವಾಗಿ ಬಿಡುವುದೂ ಅಪಾಯ. ನೆಲದಡಿಯ ನೀರಿನಲ್ಲಿ ಆಕ್ಸಿಜನ್ ಕಡಿಮೆ, ನೈಟ್ರೋಜನ್ ಅತಿಯಾಗಿ ಇರಬಹುದು. ಆ ಹೆಚ್ಚುವರಿ ಅನಿಲ ಮೀನಿನ ರಕ್ತದಲ್ಲಿ ಗುಳ್ಳೆಯಾಗಿ ಕಿವಿರಿನ ಸಣ್ಣ ನಾಳಗಳನ್ನು ಮುಚ್ಚುತ್ತದೆ. ತೂತು ತಟ್ಟೆಗಳ ಮೇಲೆ ಸುರಿದು, ಗಾಳಿಯಾಡಿಸಿ ಆಮೇಲೆ ಬಿಡಿ.

ಹೆಜ್ಜೆ 7: ಅಮೋನಿಯಾ, ಉಪ್ಪು

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಕಿವಿರಿಗೆ ವಿಷವಾಗುವುದು ಅನಿಲ ರೂಪದ್ದು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8 ಇರುವ ನೀರಿನಲ್ಲಿ 10 ಡಿಗ್ರಿಯಲ್ಲಿ ಆ ರೂಪದ ಪಾಲು ಶೇಕಡಾ 1.8. 20 ಡಿಗ್ರಿಯಲ್ಲಿ 3.8, 25ರಲ್ಲಿ 5.4. ಅಂದರೆ ಪರೀಕ್ಷಾ ಕಿಟ್ ಎರಡೂ ದಿನ ಒಟ್ಟು 0.5 ಮಿಲಿಗ್ರಾಂ ಅಂತಲೇ ತೋರಿಸಬಹುದು, ಆದರೆ ವಿಷದ ಪಾಲು 10 ಡಿಗ್ರಿಯಲ್ಲಿ 0.009 ಇದ್ದದ್ದು 20ರಲ್ಲಿ 0.019 ಆಗಿರುತ್ತದೆ. ಟ್ರೌಟ್‌ಗೆ 0.02 ದಾಟಬಾರದು ಎಂಬುದು ಸಾಮಾನ್ಯ ಲೆಕ್ಕ. ಪಿಎಚ್ 7 ಆದರೆ ಈ ಪಾಲು ಹತ್ತನೇ ಒಂದಕ್ಕೆ ಇಳಿಯುತ್ತದೆ. ಪಾಚಿ ಕೊಳದಲ್ಲಿ ಪಿಎಚ್ ಏರುವುದೂ ಬಿಸಿಲು ಜೋರಿರುವ ಮಧ್ಯಾಹ್ನದಲ್ಲೇ. ಹಾಗಾಗಿ ಅಮೋನಿಯಾ, ಪಿಎಚ್, ಉಷ್ಣತೆ ಮೂರನ್ನೂ ಒಟ್ಟಿಗೆ ಬರೆದಿಡಿ. ಒಂದನ್ನೇ ನೋಡಿದರೆ ಏನೂ ತಿಳಿಯದು.

ಉಪ್ಪು ಸೋರುವುದನ್ನು ತಗ್ಗಿಸಲು ಸಿಹಿನೀರಿಗೆ ಲೀಟರಿಗೆ 1ರಿಂದ 3 ಗ್ರಾಂ ಸಾದಾ ಉಪ್ಪು ಸೇರಿಸಬಹುದು. ಹೊರಗೆ ಉಪ್ಪು ಹೆಚ್ಚಿದಷ್ಟೂ ಕಿವಿರಿನ ಆ ಕೋಶಗಳ ಕೆಲಸ ಹಗುರವಾಗುತ್ತದೆ. ನೀರಿನಲ್ಲಿ ನೈಟ್ರೈಟ್ (ಅಮೋನಿಯಾದಿಂದ ಬ್ಯಾಕ್ಟೀರಿಯಾ ಮಾಡುವ ಇನ್ನೊಂದು ವಿಷ) ಇದ್ದರೆ ಇನ್ನೂ ಒಂದು ಲಾಭ: ಕ್ಲೋರೈಡ್ ಒಳಹೋಗುವ ದಾರಿಯಲ್ಲೇ ನೈಟ್ರೈಟ್ ಕೂಡ ನುಗ್ಗುವುದರಿಂದ, ಕ್ಲೋರೈಡ್ ಹೆಚ್ಚಿದ್ದರೆ ಅದಕ್ಕೆ ಜಾಗ ಸಿಗುವುದಿಲ್ಲ. ಗಂಟುಕಟ್ಟದಂತೆ ರಾಸಾಯನಿಕ ಬೆರೆಸಿದ ಉಪ್ಪು ಬೇಡ. ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದೆರಡು ಗಂಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿ. ನೀರು ಹರಿದು ಹೋಗುತ್ತಲೇ ಇರುವ ಕಾಲುವೆಗಳಲ್ಲಿ ಉಪ್ಪು ನಿಲ್ಲುವುದಿಲ್ಲ, ಅಲ್ಲಿ ಪ್ರಯತ್ನಿಸುವುದು ದಂಡ.

ಹೆಜ್ಜೆ 8: ಸತ್ತ ಮೀನಿನ ಕಿವಿರು ನೋಡಿ

ಈಗಷ್ಟೇ ಸತ್ತದ್ದು ಅಥವಾ ಸಾಯುತ್ತಿರುವುದು ಬೇಕು. ಒಂದೆರಡು ಗಂಟೆ ಕಳೆದರೆ ಬಣ್ಣ ಸುಳ್ಳು ಹೇಳುತ್ತದೆ. ಕತ್ತರಿಯಿಂದ ಮುಚ್ಚಳ ಕತ್ತರಿಸಿ ತೆಗೆದು ನೀರಿನ ತಟ್ಟೆಯಲ್ಲಿ ಕಮಾನನ್ನು ತೇಲಿಬಿಡಿ. ಆರೋಗ್ಯವಾಗಿದ್ದರೆ ಎಳೆಗಳು ಗಾಢ ಕೆಂಪಾಗಿ, ಬಿಡಿಬಿಡಿಯಾಗಿ ಹರಡುತ್ತವೆ. ತುದಿಗಳು ಬಿಳಿಚಿ, ಉಬ್ಬಿ, ಲೋಳೆಯಿಂದ ಒಂದಕ್ಕೊಂದು ಅಂಟಿದ್ದರೆ ಪದರಗಳು ಕೆಟ್ಟಿವೆ. ಎಲ್ಲವೂ ಪೇಲವವಾಗಿದ್ದರೆ ರಕ್ತ ಕಡಿಮೆ. ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್. ಹಳದಿ ಕಂದು ಬಣ್ಣದ ಕೊಳೆತ ಪಟ್ಟೆ ಕಂಡರೆ ಕಾಲಮ್ನಾರಿಸ್ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಬೆಚ್ಚಗಿನ ನೀರೆಂದರೆ ಇಷ್ಟ.

ಮೈಕ್ರೋಸ್ಕೋಪ್ ಇದ್ದರೆ ಎಳೆಗಳ ತುದಿಯನ್ನು ಚೂರು ಕತ್ತರಿಸಿ, ಗಾಜಿನ ಮೇಲೆ ಒಂದು ಹನಿ ತೊಟ್ಟಿಯ ನೀರಿನಲ್ಲಿಟ್ಟು, 100 ಪಟ್ಟು ದೊಡ್ಡದು ಮಾಡಿ ನೋಡಿ. ಪದರಗಳ ಅಂಚು ಚೂಪಾಗಿ, ನಡುವೆ ಬೆಳಕು ಕಾಣುವಂತಿರಬೇಕು. ಒಂದು ಎಚ್ಚರ: ತಲೆಗೆ ಹೊಡೆದು ಕೊಂದ ಮೀನಿನಲ್ಲಿ ಪದರಗಳ ರಕ್ತನಾಳಗಳು ಉಬ್ಬಿ ಚೆಂಡಿನಂತೆ ಕಾಣಬಹುದು. ಅದು ರೋಗವಲ್ಲ, ಹೊಡೆತದ ಗುರುತು. ಅರಿವಳಿಕೆ ಹೆಚ್ಚಾಗಿ ಕೊಟ್ಟು ಕೊಂದ ಮೀನಿನಲ್ಲಿ ನೋಡುವುದು ಮೇಲು.

ಹೆಜ್ಜೆ 9: ಬಿಸಿ ಇಳಿದ ಮೇಲೆ

ನೀರು 16ಕ್ಕೆ ಇಳಿದ ದಿನವೇ ಕಿವಿರು ಸರಿಹೋಗುವುದಿಲ್ಲ. ಅಂಟಿಕೊಂಡ ಪದರಗಳು ಬಿಡಿಸಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಅಷ್ಟು ದಿನವೂ ಅದು ರೋಗಕ್ಕೆ ತೆರೆದ ಬಾಗಿಲು. ಹಾಗಾಗಿ ಬಡಿತ ಎಣಿಸುವುದನ್ನು ಮುಂದುವರಿಸಿ. ಸಹಜ ಲೆಕ್ಕಕ್ಕೆ ಬಂದ ಮೇಲೆ ಮೊದಲ ಎರಡು ದಿನ ಮಾಮೂಲಿ ಮೇವಿನ ಮೂರನೇ ಒಂದು ಪಾಲು ಕೊಡಿ, ಆಮೇಲೆ ಅರ್ಧ, ಅಮೋನಿಯಾ ಏರದಿದ್ದರೆ ವಾರದಲ್ಲಿ ಪೂರ್ತಿ. ಬೇರ್ಪಡಿಸುವುದು, ಸಾಗಿಸುವುದು ಇನ್ನೂ ಎರಡು ವಾರ ತಡೆಯಲಿ.

ಮುಂದಿನ ಬೇಸಿಗೆಗೆ ತೊಟ್ಟಿಯಲ್ಲಿ ಮೀನಿನ ಒಟ್ಟು ತೂಕ ಇಳಿಸಿಕೊಂಡಿರಿ. ದೊಡ್ಡ ಮೀನುಗಳನ್ನು ಬಿಸಿಗೆ ಮೊದಲೇ ಹಿಡಿದು ಮುಗಿಸಿ. ಮರಿ ತರುವಾಗ ಟ್ರಿಪ್ಲಾಯ್ಡ್ (ಎರಡರ ಬದಲು ಮೂರು ಸೆಟ್ ಕ್ರೋಮೋಸೋಮ್ ಇರುವ) ತಳಿಯೇ ಎಂದು ಕೇಳಿ ತಿಳಿದುಕೊಳ್ಳಿ. ಮೊಟ್ಟೆ ಕಟ್ಟದ ಈ ತಳಿ ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಆದರೆ ಬಿಸಿ ಮತ್ತು ಆಕ್ಸಿಜನ್ ಕೊರತೆ ಒಟ್ಟಿಗೆ ಬಂದರೆ ಸಾಮಾನ್ಯ ಮೀನಿಗಿಂತ ಬೇಗ ಸೋಲುತ್ತದೆ. ನಿಮ್ಮ ನೀರು ಪ್ರತಿ ವರ್ಷ 20 ಮುಟ್ಟುವುದಾದರೆ ಸಾಮಾನ್ಯ ಮರಿಗಳನ್ನೇ ತನ್ನಿ.